ಹತ್ತು ಎಣಿಸುವಷ್ಟು ಹೊತ್ತು

ಫೆಬ್ರವರಿ 3, ಸೋಮವಾರ

ಮಾತು ಕಲಿಸುವ ಹುಡುಗಿ ಇವತ್ತು ಒಂದು ಹೊಸ ನೋಟ್‌ಬುಕ್ ಕೊಟ್ಟು ಹೋದಳು. ದಿನಾ ಇವರು ಏನೇನು ಹೇಳಿದರು, ಅದಕ್ಕೆ ನಾನೇನು ಅಂದೆ, ಎಲ್ಲ ಅದರಲ್ಲಿ ಬರೆದಿಡಬೇಕಂತೆ. ಬಂದಾಗ ನೋಡುತ್ತಾಳಂತೆ. ಬರೆದೆ. ಬೆಳಿಗ್ಗೆ, ಗುಂಡಿ. ಮಧ್ಯಾಹ್ನ, ಗುಂಡಿ. ಸಂಜೆ, ಗುಂಡಿ. ಮುಗಿಯಿತು. ಆ ಪುಸ್ತಕಕ್ಕೆ ಅಷ್ಟು ಸಾಕು.

ನನಗೆ ಬರೆಯಬೇಕಾದ್ದು ಬೇರೆ ಇದೆ. ಅದನ್ನು ಅವಳಿಗೆ ತೋರಿಸುವ ಹಾಗಿಲ್ಲ. ಅದಕ್ಕೆ ನನ್ನ ಹಳೇ ಅಳತೆ ಪುಸ್ತಕವನ್ನು ತಿರುವಿ ಹಾಕಿ ಹಿಂದಿನ ಪುಟದಿಂದ ಶುರು ಮಾಡಿದ್ದೇನೆ. ಮುಂದಿನಿಂದ ಊರಿನವರ ಎದೆ, ಸೊಂಟ, ತೋಳು. ಹಿಂದಿನಿಂದ ನನ್ನ ಹೊಟ್ಟೆಯುರಿ.

ಇವರು ಇಪ್ಪತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದವರು. ಮೊದಲೇ ಮಾತು ಕಡಿಮೆ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ನಾನೇ ಆಡಿಕೊಂಡು ಬಂದಿದ್ದೆ, ಯಾರಿಗೂ ತೊಂದರೆಯಿರಲಿಲ್ಲ. ಕಳೆದ ತಿಂಗಳು ಏಳನೇ ತಾರೀಖು ಬೆಳಿಗ್ಗೆ ಬಿದ್ದರು. ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆ ಎಂದರು. ಹದಿನೈದು ದಿನ ಆಸ್ಪತ್ರೆ. ಬಲಗೈ ಏಳುವುದಿಲ್ಲ, ಬಲಗಾಲು ಎಳೆಯುತ್ತದೆ, ಇದ್ದ ನಾಲ್ಕು ಮಾತೂ ಹೋಯಿತು.

"ಹೋಗಿಲ್ಲ ಆಂಟಿ, ಒಳಗೆಲ್ಲ ಹಾಗೇ ಇದೆ. ಹೊರಗೆ ಬರೋ ದಾರಿ ಕಟ್ಟಿದೆ ಅಷ್ಟೇ," ಅನ್ನುತ್ತಾಳೆ ಹುಡುಗಿ. ಆಮೇಲೆ, ಮುಖ ಗಂಭೀರ ಮಾಡಿಕೊಂಡು, "ಅವರು ಮಾತಾಡೋದು ಕಲೀತಾರೆ. ನೀವು ಕೇಳಿಸ್ಕೊಳ್ಳೋದು ಕಲೀಬೇಕು. ಏನಾದ್ರೂ ಕೇಳಿದ ಮೇಲೆ ಮನಸ್ಸಲ್ಲೇ ಹತ್ತು ಎಣಿಸಿ. ಅಲ್ಲೀವರೆಗೂ ಬಾಯಿ ಬಿಡ್ಬೇಡಿ."

ಮಾತು ಹೋಗಿದ್ದು ಇವರದ್ದು. ಪಾಠ ನನಗೆ!

ಫೆಬ್ರವರಿ 5, ಬುಧವಾರ

ಎದ್ದ ಕೂಡಲೇ "ಗುಂಡಿ". ನಾನು ದರ್ಜಿ. ಗುಂಡಿಯ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದೇನಿದೆ? ಅಂಗಿ ನೋಡಿದೆ, ಎಲ್ಲ ನೆಟ್ಟಗಿದ್ದವು.

"ಕತ್ತು ಬಿಗೀತಿದ್ಯಾ? ಮೇಲಿನ್ದು ಬಿಚ್ಲಾ?"

ಬಿಚ್ಚಿದೆ. ಅಲ್ಲ ಎಂದು ತಲೆ ಅಲ್ಲಾಡಿಸಿದರು. ಹಾಕಿದೆ. ಅದಕ್ಕೂ ಅಲ್ಲ.

"ಗುಂಡಿ... ಗುಂಡಿ... ಮೂ... ಮೂರು."

ಮೇಲಿನಿಂದ ಮೂರನೆಯದನ್ನು ನೋಡಿದರೆ ಬಣ್ಣ ಒಂಚೂರು ಬೇರೆ. ಯಾವಾಗಲೋ ಕಳೆದುಹೋಗಿದ್ದಕ್ಕೆ ನಾನೇ ಸಿಕ್ಕಿದ್ದನ್ನು ಹಾಕಿದ್ದೆ. ಓಹೋ, ಇಷ್ಟು ವರ್ಷ ಇದನ್ನು ಮನಸ್ಸಲ್ಲಿಟ್ಟುಕೊಂಡಿದ್ದರಾ ಎಂದು ಕಿತ್ತು, ಸರಿಯಾದ್ದನ್ನು ಹಾಕಿದೆ. ಎಡಗೈಯಲ್ಲಿ ಮಂಚದ ಅಂಚಿಗೆ ಗುದ್ದಿದರು.

ಸಂಜೆಗೆ ನನಗೂ ರೇಗಿ ಹೋಗಿತ್ತು. ಅಂಗಡಿಯ ಗುಂಡಿ ಡಬ್ಬವನ್ನೇ ತಂದು ಹಾಸಿಗೆಯ ಮೇಲೆ ಸುರಿದೆ. ಅಂಗಡಿಯೆಂದರೆ ನಮ್ಮ ಮನೆಯ ಮುಂದಿನ ಕೋಣೆಯೇ, ತರಲು ಎರಡು ಹೆಜ್ಜೆ. "ಯಾವ್ದು ಬೇಕೋ ಆರಿಸ್ಕೊಳ್ರೀ," ಎಂದೆ. ಅದನ್ನು ನೋಡಿ ಇವರ ಕಣ್ಣಲ್ಲಿ ನೀರು ತುಂಬಿತು. ಮಂಚದ ಕೆಳಗೆ ತೆವಳಿ ಎಲ್ಲ ಹೆಕ್ಕುವಷ್ಟರಲ್ಲಿ ನನ್ನ ಕಣ್ಣಲ್ಲೂ. ಇನ್ನೂ ಕೆಲವು ಸಿಕ್ಕಿಲ್ಲ.

ಫೆಬ್ರವರಿ 8, ಶನಿವಾರ

ಹೈಸ್ಕೂಲು ಮೇಷ್ಟ್ರು ಪ್ಯಾಂಟ್ ಹಾಕಿಕೊಂಡೇ ಬಂದರು. ನಾನು ನೋಡಲಿ ಎಂದು. ಕಣಕಾಲು ಪೂರ್ತಿ ಕಾಣುತ್ತಿತ್ತು.

"ನಾನೇನಮ್ಮ ಹೇಳಿದ್ದೆ?"

"ಉದ್ದ ಎರಡಿಂಚು ಕಮ್ಮಿ ಮಾಡಿ ಅಂದ್ರಿ."

"ಉದ್ದ ಹಾಗೇ ಇರ್ಲಿ, ಸೊಂಟ ಎರಡಿಂಚು ಬಿಡ್ಸಿ ಅಂತ ಹೇಳೋಕೆ ಬಂದಿದ್ದೆ. 'ಉದ್ದ' ಅನ್ನೋಷ್ಟ್ರಲ್ಲೇ 'ಗೊತ್ತಾಯ್ತು, ಗೊತ್ತಾಯ್ತು, ಮಂಗಳವಾರ ಬನ್ನಿ' ಅಂತ ಕಳ್ಸಿಬಿಟ್ರಿ. ಈಗ ಪಾಠ ಮಾಡೋವಾಗ ಮಕ್ಳು ಬೋರ್ಡ್ ನೋಡಲ್ಲ, ನನ್ನ ಕಾಲು ನೋಡ್ತಾರೆ."

ಮನೆಯಲ್ಲಿ ಕಾಯಿಲೆ ಸಾರ್, ತಲೆ ನೆಟ್ಟಗಿಲ್ಲ ಎಂದೆ. ಮನುಷ್ಯ ಒಳ್ಳೆಯವರೇ, ದನಿ ಇಳಿಸಿದರು. ಆದರೂ ಹೊರಡುವಾಗ ಒಂದು ಚುಚ್ಚಿಯೇ ಹೋದರು: "ಹೋದ ವರ್ಷ ಕೋಟಿಗೂ ಹೀಗೇ ಆಗಿತ್ತು. ಆಗ ಮನೇಲಿ ಎಲ್ರೂ ಚೆನ್ನಾಗಿದ್ರು."

ಅಷ್ಟು ಹುಷಾರಿದ್ದವರು ಆಗಲೇ ಬಾಯಿಬಿಟ್ಟು ಹೇಳಬಹುದಿತ್ತಲ್ಲ. ನಾನೇನು ಅವರ ಬಾಯಿ ಹೊಲಿದಿದ್ದೆನಾ?

ಫೆಬ್ರವರಿ 11, ಮಂಗಳವಾರ

ಈಗ ಹೊಸ ರಾಗ. "ಗುಂಡಿ" ಎನ್ನುತ್ತಾರೆ, "ಮೂರು" ಎನ್ನುತ್ತಾರೆ, ಆಮೇಲೆ ಎಡಗೈ ಬೆರಳಲ್ಲಿ ಕಣ್ಣು ಮುಟ್ಟಿಕೊಳ್ಳುತ್ತಾರೆ. ಒಂದು ಸಲವಲ್ಲ, ಹತ್ತು ಸಲ. ಕಣ್ಣು ಉರಿಯುತ್ತಿರಬೇಕು. ಔಷಧಿ ಅಂಗಡಿಗೆ ಓಡಿ ಕಣ್ಣಿನ ಹನಿ ತಂದೆ. ಮೂರು ಅಂದರೆ ದಿನಕ್ಕೆ ಮೂರು ಸಲ, ಸರಿಹೋಯಿತು. ಇಷ್ಟಾದರೂ ಅರ್ಥವಾಯಿತಲ್ಲ ಎಂದು ಸಮಾಧಾನ ನನಗೆ. ಇವರ ಮುಖದಲ್ಲಿ ಮಾತ್ರ ಸಮಾಧಾನ ಇಲ್ಲ.

ಸಂಜೆ ಮಗಳ ಫೋನು. ಬೇರೆ ಊರಿನಲ್ಲಿ ರಕ್ತಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಅವಳಿಗೆ. ಗುಂಡಿ, ಹನಿ, ಮೇಷ್ಟ್ರ ಪ್ಯಾಂಟು, ನನ್ನ ಸೊಂಟನೋವು, ಎಲ್ಲ ಹೇಳಿದೆ. ಹೇಳಿ ಹಗುರಾಯಿತು. ಕೊನೆಗೆ ಅವಳು "ಅಮ್ಮ, ನಂದೂ ಒಂದು ವಿಷ್ಯ..." ಎಂದಳು. ಅಷ್ಟರಲ್ಲಿ ಹಾಲು ಉಕ್ಕಿತು. ಮತ್ತೆ ಬಂದು "ಏನೇ?" ಅಂದರೆ, "ಇರ್ಲಿ ಬಿಡು," ಎಂದು ಇಟ್ಟೇಬಿಟ್ಟಳು. ಈಗಿನ ಮಕ್ಕಳಿಗೆ ಸಹನೆಯೇ ಇಲ್ಲ.

ಫೆಬ್ರವರಿ 12, ಬುಧವಾರ

ಹನಿ ಹಾಕಲು ಹೋದರೆ ಮುಖ ತಿರುಗಿಸಿದರು. ಹನಿ ಕಿವಿಗೆ ಬಿತ್ತು. ಸಾಕಾಗಿದೆ.

ಫೆಬ್ರವರಿ 17, ಸೋಮವಾರ

ಹುಡುಗಿ ಬಂದಿದ್ದಳು. ಕೈಯಲ್ಲಿ ಫೋನು ಹಿಡಿದು ಹೊತ್ತು ಲೆಕ್ಕ ಹಾಕಿದಳು, ಇವರದ್ದಲ್ಲ, ನನ್ನದು. ಪ್ರಶ್ನೆ ಕೇಳಿ ಎಷ್ಟು ಹೊತ್ತಿಗೆ ನಾನೇ ಉತ್ತರ ಹೇಳುತ್ತೇನೆ ಎಂದು. ಎರಡು ಸೆಕೆಂಡಂತೆ! ಆಮೇಲೆ ಅವಳು ಇವರನ್ನು ಕೇಳಿದಳು, "ಅಂಕಲ್, ನಿದ್ದೆ ಬಂತಾ?" ಕೇಳಿ ಗೊಂಬೆಯ ಹಾಗೆ ಕೂತಳು. ಇವರ ತುಟಿ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ನನ್ನ ನಾಲಿಗೆ ತುದಿ ತುರಿಸುತ್ತಿತ್ತು. ಅಷ್ಟು ಹೊತ್ತಿನಲ್ಲಿ ಒಂದು ತೋಳು ಕೂಡಿಸಿಬಿಡಬಹುದು. ಕೊನೆಗೆ "ಇಲ್ಲ," ಎಂದರು.

ಇಷ್ಟು ದಿನ ಗುಂಡಿ, ಮೂರು ಬಿಟ್ಟು ಬೇರೆ ಪದ ನನ್ನ ಹತ್ತಿರ ಬಂದಿರಲಿಲ್ಲ. ಅವಳಿಗೆ ಮಾತ್ರ ಕೊಟ್ಟರು.

"ನೀವು ಊಹೆ ಮಾಡ್ತೀರ ಆಂಟಿ," ಎಂದಳು. "ನಿಮ್ಮ ಊಹೆ ತಪ್ಪಾದಾಗೆಲ್ಲ ಅವರು ಮೊದ್ಲಿಂದ ಶುರು ಮಾಡ್ಬೇಕು. ಕಷ್ಟಪಟ್ಟು ಲಿಫ್ಟ್ ಮೇಲೆ ಬರ್ತಾ ಇರುತ್ತೆ, ನೀವು ಕೆಳಗೆ ನಿಂತು ಮತ್ತೆ ಮತ್ತೆ ಬಟನ್ ಒತ್ತಿ ವಾಪಸ್ ಕರೀತೀರ."

ಇವರು ನಕ್ಕರು! ಬಾಯಿ ಒಂದು ಕಡೆಗೆ ಎಳೆದರೂ ಅದು ನಗುವೇ. ಬಿದ್ದ ಮೇಲೆ ಮೊದಲನೇ ಸಲ ನಕ್ಕಿದ್ದು ನನ್ನನ್ನು ಆಡಿಕೊಂಡ ಜೋಕಿಗೆ.

ಊಹೆ ಬೇಡ, ಅವರು ಹೇಳಿದ್ದನ್ನೇ ತಿರುಗಿ ಹೇಳಿ, ಹೌದು ಅಲ್ಲ ಅನ್ನೋ ಹಾಗೆ ಕೇಳಿ, ಎಡಗೈಗೆ ಪೆನ್ಸಿಲ್ ಕೊಡಿ ಎಂದೆಲ್ಲ ಹೇಳಿ ಹೋದಳು. ಮೂವತ್ತು ವರ್ಷ ತುಂಬದ ಹುಡುಗಿ, ಮದುವೆಯೂ ಆಗಿಲ್ಲ. ಗಂಡನ ಜೊತೆ ಮಾತಾಡುವುದು ಹೇಗೆಂದು ನನಗೆ ಹೇಳಿಕೊಡುತ್ತಾಳೆ.

ಫೆಬ್ರವರಿ 21, ಶುಕ್ರವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಮಧ್ಯಾಹ್ನ ಊಟಕ್ಕೆ ಕೂರಿಸಿದ್ದೆ. ಮತ್ತೆ ಗುಂಡಿ, ಮತ್ತೆ ಕಣ್ಣು. ಚಮಚ ಬಾಯಿಯ ಹತ್ತಿರ ಹೋಗುವಾಗ ಕೈ ಬೀಸಿದರು. ತಟ್ಟೆ ಹಾರಿ, ಇಸ್ತ್ರಿ ಮಾಡಿಟ್ಟಿದ್ದ ಗಿರಾಕಿಯ ಬಿಳೀ ಅಂಗಿಯ ಮೇಲೆ ಬಿತ್ತು. ನನ್ನ ಪಿತ್ತ ನೆತ್ತಿಗೇರಿತು. "ಏನ್ರೀ ಅದು ಹಾಳು ಗುಂಡಿ! ಇನ್ನು ನಾನು ಒಂದು ಮಾತೂ ಆಡಲ್ಲ, ಏನ್ ಬೇಕಾದ್ರೂ ಮಾಡ್ಕೊಳ್ಳಿ!" ಎಂದು ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತೆ. ಹತ್ತು ಎಣಿಸಲಿಕ್ಕಲ್ಲ, ಕೋಪಕ್ಕೆ. ಎಷ್ಟು ಹೊತ್ತು ಕೂತೆನೋ ತಿಳಿಯದು. ಅಂಗಿಯ ಮೇಲಿನ ಕಲೆ ಹರಡುತ್ತಿತ್ತು, ಅದನ್ನೇ ನೋಡುತ್ತಿದ್ದೆ.

"ಬೀ... ಬೀಳ್ತಾರೆ."

ಇವರೇ. ಹೊಸ ಮಾತು.

"ಯಾ..." ಅಂದವಳು ನಾಲಿಗೆ ಕಚ್ಚಿಕೊಂಡೆ. ಒಂದು, ಎರಡು. ಇವರ ಹಣೆಯ ನರ ಉಬ್ಬಿತು. ಎಂಟಕ್ಕೆ ಬಂತು, "ಜನ."

"ಜನ ಬೀಳ್ತಾರೆ," ಎಂದೆ, ಹುಡುಗಿ ಹೇಳಿಕೊಟ್ಟ ಹಾಗೆ. ತಲೆ ಆಡಿಸಿದರು. "ಗುಂಡೀಲಿ?"

"ಹೌ...ದು." ಎಂದು ಉಸಿರು ಬಿಟ್ಟರು. ಹೊತ್ತ ಮೂಟೆ ಇಳಿಸಿದವರ ಹಾಗೆ.

ಅಂಗಿಯ ಗುಂಡಿಯಲ್ಲಿ ಯಾರು ಬೀಳುತ್ತಾರೆ? ಆಗ ಹೊಳೆಯಿತು. ಲಿಫ್ಟ್ ಓಡಾಡುವ ಗೂಡಿನ ತಳದಲ್ಲಿ ಒಂದು ಹೊಂಡ ಇರುತ್ತದೆ, ಅದನ್ನು ಇವರು ಗುಂಡಿ ಎಂದೇ ಕರೆಯುತ್ತಿದ್ದರು. "ಇವತ್ತು ಗುಂಡಿಗೆ ಇಳಿದಿದ್ದೆ," ಎಂದು ಮೈಯೆಲ್ಲ ಗ್ರೀಸ್ ಮಾಡಿಕೊಂಡು ಬರುತ್ತಿದ್ದರು. ಇಪ್ಪತ್ತೆಂಟು ವರ್ಷ ಆ ಬಟ್ಟೆ ಒಗೆದವಳು ನಾನು.

ಆಮೇಲೆ ಅವಸರ ಮಾಡಲಿಲ್ಲ. ಅವಸರ ಮಾಡಿದರೆ ಮೊದಲಿನಿಂದ ಶುರುವಾಗುತ್ತದೆ ಎಂದು ಹೆದರಿಕೆ. ಮೂರು ಅಂದರೆ ಮೂರನೇ ಮಹಡಿಯಾ? ಹೌದು. ಕಣ್ಣು ಮುಟ್ಟಿಕೊಂಡರು. ಕಣ್ಣು ನೋವಾ ಎಂದು ಕೇಳಲಿಲ್ಲ, ಸುಮ್ಮನೆ ಕಾದೆ. "ಆಸ್ಪ..." ಎಂದರು. ಕಣ್ಣಿನ ಆಸ್ಪತ್ರೆ! ಮಾರುಕಟ್ಟೆಯ ಹಿಂದಿನ ಕಟ್ಟಡ, ಮೂರನೇ ಮಹಡಿಯಲ್ಲಿ ಆಸ್ಪತ್ರೆ. ಹತ್ತು ದಿನದಿಂದ ಅದನ್ನೇ ಹೇಳುತ್ತಿದ್ದ ಮನುಷ್ಯನ ಕಣ್ಣಿಗೆ ನಾನು ಹನಿ ಹಾಕುತ್ತಿದ್ದೆ.

ಪೆನ್ಸಿಲ್ ಕೊಟ್ಟೆ. ಎಡಗೈಯಲ್ಲಿ ಒಂದು ಬಾಗಿಲು ಬರೆದರು. ಪಕ್ಕದಲ್ಲಿ ಎರಡು ಚುಕ್ಕೆ, ಚುಕ್ಕೆಗಳ ನಡುವೆ ಒಂದು ಗೆರೆ. "ವೈ...ರ್." ಅದು ಅರ್ಥವಾಗಲಿಲ್ಲ. ಮೂಲೆಯಲ್ಲಿದ್ದ ಅವರ ಕೆಲಸದ ಚೀಲ ತೋರಿಸಿದರು. ಅದರೊಳಗಿನ ಪುಸ್ತಕದ ಕೊನೆಯ ಪುಟ ಜನವರಿ ಆರರದ್ದು. "ಕಣ್ಣಿನ ಆಸ್ಪತ್ರೆ. 3ನೇ ಮಹಡಿ ಬಾಗಿಲ ಲಾಕ್ ಸವೆದಿದೆ. ಪರೀಕ್ಷೆಗೆ ವೈರ್ ಹಾಕಿದೆ. ಲಿಫ್ಟ್ ಬಂದ್ ಮಾಡಿದೆ. ನಾಳೆ ಹೊಸ ಲಾಕ್, ವೈರ್ ತೆಗೆಯಬೇಕು."

ಆ ನಾಳೆ ಏಳನೇ ತಾರೀಖು.

ಇವರ ಜೊತೆ ಕೆಲಸ ಮಾಡುವ ಮೀಸೆಗೆ ಫೋನು ಮಾಡಿದೆ. ಅವನ ಹೆಸರು ಬೇರೆ, ಎಲ್ಲರೂ ಮೀಸೆ ಎಂದೇ ಕರೆಯುವುದು. "ನೋಡಪ್ಪ, ಕಣ್ಣಿನ ಆಸ್ಪತ್ರೆ ಲಿಫ್ಟು..." ಎನ್ನುವಷ್ಟರಲ್ಲಿ, "ಗೊತ್ತಾಯ್ತು ಅಕ್ಕ, ಗೊತ್ತಾಯ್ತು. ಅಣ್ಣಂಗೆ ಕೆಲಸದ ಯೋಚ್ನೆ ಬೇಡ ಅನ್ನಿ. ಅವರು ಬಂದ್ ಮಾಡಿಟ್ಟಿದ್ರು, ಒತ್ತಿ ನೋಡ್ದೆ, ಚೆನ್ನಾಗೇ ಓಡ್ತು, ಹೋದ ತಿಂಗಳು ಹತ್ತನೇ ತಾರೀಖೇ ನಾನು ಚಾಲೂ ಮಾಡ್ಕೊಟ್ಟಿದೀನಿ. ರೆಸ್ಟ್ ತಗೊಳ್ಳೋಕೆ ಹೇಳಿ," ಎಂದ. ವೈರು ಎಂದೆ. "ಹೂಂ ಹೂಂ, ನೋಡ್ಕೋತೀನಿ," ಎಂದು ಇಟ್ಟ. 'ಗೊತ್ತಾಯ್ತು' ಎನ್ನುವ ಮಾತು ಕಿವಿಗೆ ಇಷ್ಟು ಅಸಹ್ಯವಾಗಿ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ.

ಎದುರುಮನೆಯಾಕೆಯನ್ನು ಇವರ ಹತ್ತಿರ ಕೂರಿಸಿ ನಾನೇ ಹೊರಟೆ. ಲಿಫ್ಟ್ ಹತ್ತುವ ಧೈರ್ಯ ಇರಲಿಲ್ಲ, ಮೆಟ್ಟಿಲು ಹತ್ತಿದೆ. ಮೂರನೇ ಮಹಡಿಗೆ ಬಂದಾಗ ಏದುಸಿರು. ಹಳೇ ಕಾಲದ ಲಿಫ್ಟು, ಕೈಯಲ್ಲಿ ಎಳೆದು ತೆರೆಯುವ ಬಾಗಿಲು, ಮಧ್ಯೆ ಒಂದು ಸಣ್ಣ ಮಾಸಿದ ಗಾಜು. ಒಬ್ಬರು ಮುದುಕರು ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದರು.

"ಮುಟ್ಬೇಡಿ!" ಎಂದು ಕಿರುಚಿದೆ.

"ಏನಮ್ಮ, ನಾನು ಮೊದ್ಲು ಬಂದಿದ್ದು," ಎಂದರು ಅವರು, ಸಿಟ್ಟಿನಲ್ಲಿ.

ಅವರನ್ನು ಪಕ್ಕಕ್ಕೆ ಸರಿಸಿ ಗೋಡೆಗೆ ಒಂದು ಕೈಕೊಟ್ಟು ಹಿಡಿಕೆ ಎಳೆದೆ. ಬರಲಿಲ್ಲ. ಆಸ್ಪತ್ರೆಯ ಕೌಂಟರಿನ ಹುಡುಗಿ "ಏನ್ ಮಾಡ್ತಿದೀರ ಮೇಡಂ?" ಎಂದು ಎದ್ದು ಬಂದಳು. ಮರ್ಯಾದೆ ಹೋಯಿತು ಎಂದುಕೊಂಡು ಇನ್ನೊಂದು ಸಲ ಎಳೆದೆ. ತೆರೆದುಕೊಂಡಿತು. ಒಳಗೆ ಲಿಫ್ಟ್ ಇಲ್ಲ. ಜಿಡ್ಡು ಹಿಡಿದ ಹಗ್ಗಗಳು, ಕತ್ತಲೆ, ಕೆಳಗಿನಿಂದ ತಣ್ಣನೆಯ ಗಾಳಿ. ನಾವು ನೋಡುತ್ತಿದ್ದ ಹಾಗೇ ಹಗ್ಗ ಚಲಿಸತೊಡಗಿತು. ಬಾಗಿಲು ತೆರೆದಿದ್ದಾಗ ಲಿಫ್ಟ್ ಅಲುಗಬಾರದು, ಅಷ್ಟು ನನಗೂ ಗೊತ್ತು.

ಮುದುಕರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಕರೆಂಟು ತೆಗೆಸುವವರೆಗೆ ಬಾಗಿಲಿಗೆ ಬೆನ್ನುಕೊಟ್ಟು ಕೈಚಾಚಿ ನಿಂತಿದ್ದೆ. ಮೀಸೆಗೆ ಮತ್ತೆ ಫೋನು ಮಾಡಿ, "ಈಗ ನಾನು ಹೇಳೋದು ಮುಗಿಯೋವರೆಗೂ ನೀನು ಉಸಿರು ಬಿಡಬಾರ್ದು," ಎಂದೆ. ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ಬಂದ. ತಾರಸಿಯ ಮೋಟಾರು ಕೋಣೆಗೆ ಹೋಗಿ, ಗೇಣುದ್ದದ ಕೆಂಪು ವೈರು ಹಿಡಿದುಕೊಂಡು ಇಳಿದ. ಅವನ ಮುಖ ನೋಡಲಾಗುತ್ತಿರಲಿಲ್ಲ. ಆ ತುಂಡಿನಿಂದಾಗಿ, ಬಾಗಿಲು ಹಾಕಿದ್ದರೂ ತೆರೆದಿದ್ದರೂ ಲಿಫ್ಟಿಗೆ ಒಂದೇ. ಲಾಕು ಹತ್ತರಲ್ಲಿ ಒಂಬತ್ತು ಸಲ ಹಿಡಿಯುತ್ತಿತ್ತು, ಅದಕ್ಕೆ ಯಾರೂ ಬೀಳದೆ ಉಳಿದರು.

ಮನೆಗೆ ಬಂದು "ವೈರ್ ತೆಗೆದ್ರು, ಯಾರಿಗೂ ಏನೂ ಆಗಿಲ್ಲ," ಎಂದೆ. ಇವರು ಮಲಗಿದ್ದಲ್ಲೇ ಎಡಗೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ನಿದ್ದೆ ಹೋದರು. ಇವತ್ತು ಬೆಳಿಗ್ಗೆ ಎಂಟಾದರೂ ಎದ್ದಿರಲಿಲ್ಲ.

ಬಿಳೀ ಅಂಗಿಯ ಕಲೆ ಹೋಗಿಲ್ಲ.

ಫೆಬ್ರವರಿ 24, ಸೋಮವಾರ

ಮೀಸೆ ಬಂದಿದ್ದ. ಕುರ್ಚಿ ಹಾಕಿದರೂ ಕೂರದೆ ಮಂಚದ ಪಕ್ಕ ನೆಲದ ಮೇಲೆ ಕೂತ. "ಅಣ್ಣ, ನಾನು ಮೇಲೆ ಹತ್ತಿ ಒಂದ್ಸಲ ನೋಡ್ಬೇಕಿತ್ತು. ನೋಡ್ಲಿಲ್ಲ. ನನ್ನಿಂದ..." ಎಂದು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಇವರು ತುಟಿ ಅಲ್ಲಾಡಿಸುತ್ತಿದ್ದದ್ದು ಅವನಿಗೆ ಕಾಣಲಿಲ್ಲ.

"ತಡಿಯಪ್ಪ. ಅವರು ಏನೋ ಹೇಳ್ತಿದಾರೆ," ಎಂದೆ.

ಕಾದೆವು. ಅವನು ನನ್ನ ಮುಖ ನೋಡಿದ, ನಾನು ಸುಮ್ಮನಿರು ಎಂದು ಕಣ್ಣು ಬಿಟ್ಟೆ.

"ನಿಂದಲ್ಲ," ಎಂದರು ಇವರು. ಮತ್ತೆ ಎಷ್ಟೋ ಹೊತ್ತಾದ ಮೇಲೆ, "ನಂದು."

ಮೀಸೆಗೆ ಅಳು ಬಂತು. ಅಷ್ಟು ದೊಡ್ಡ ಮೀಸೆ ಇಟ್ಟುಕೊಂಡು ಮಗುವಿನ ಹಾಗೆ ಅತ್ತ. ಎರಡು ಮಾತಿಗೆ ಒಂದು ಗಂಟೆ ಹಿಡಿಯಿತು, ಕಾಫಿ ಎರಡು ಸಲ ಬಿಸಿ ಮಾಡಬೇಕಾಯಿತು. ಈ ಲೆಕ್ಕದಲ್ಲಿ ನಾನು ಹೊಲಿಗೆ ಮುಗಿಸುವುದು ಯಾವಾಗ?

ಮಾರ್ಚ್ 1, ಶನಿವಾರ

ಮೇಷ್ಟ್ರು ಹೊಸ ಪ್ಯಾಂಟ್ ಬಟ್ಟೆ ತಂದರು. ಹೇಳಿದ್ದನ್ನೆಲ್ಲ ಬರೆದುಕೊಂಡು, ತಿರುಗಿ ಓದಿ ಹೇಳಿದೆ.

"ಏನಮ್ಮ, ಗಿಳಿ ಥರ ನಾನು ಹೇಳಿದ್ದನ್ನೇ ಹೇಳ್ತಿದೀರ?"

"ಸರಿಯಾ ಸಾರ್?"

"ಸರಿ. ಆದ್ರೆ ಜೇಬು ಒಳಗಡೆ ಇರ್ಲಿ ಅಂತ ಈಗ ಹೊಳೀತು."

ಹೇಳಲು ಬಿಟ್ಟರೆ ಜನಕ್ಕೆ ಹೊಳೆಯುತ್ತಲೇ ಇರುತ್ತದೆ. ಒಳಜೇಬು ಎಷ್ಟು ರಗಳೆಯ ಕೆಲಸ ಎಂದು ಇವರಿಗೇನು ಗೊತ್ತು.

ಮಾರ್ಚ್ 6, ಗುರುವಾರ

ಒಬ್ಬ ಹೆಂಗಸು ದಪ್ಪ ಉಣ್ಣೆಯ ಕೋಟೊಂದನ್ನು ತಂದಳು. ತನ್ನ ಅಳತೆಗೆ ಮಾಡಿಕೊಡಿ ಎಂದಳು. ಭುಜ ಇಳಿದಿತ್ತು, ತೋಳು ಉದ್ದ. ನೋಡಿದ ಕೂಡಲೇ ಏನೇನು ಮಾಡಬೇಕೆಂದು ನನಗೆ ತಿಳಿಯಿತು. ಬಾಯಿಗೆ ಬಂದಿದ್ದನ್ನು ನುಂಗಿ, "ಹೇಳಿ," ಎಂದೆ. ಅವಳು ಕೋಟನ್ನು ಮಡಿಸಿದಳು, ಬಿಚ್ಚಿದಳು. ಅಕ್ಕನದ್ದಂತೆ. ಹೋಗಿ ಒಂದು ವರ್ಷವಂತೆ. ಜೇಬಿನಲ್ಲಿ ಇನ್ನೂ ಬಸ್ ಟಿಕೆಟ್ ಇದೆ ಎಂದು ತೆಗೆದು ತೋರಿಸಿದಳು. ಅಕ್ಕ ಜೋರಾಗಿ ಸೀನುತ್ತಿದ್ದಳು, ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು ಎಂದು ಹೇಳಿ ನಕ್ಕಳು. ಕೊನೆಗೆ, "ಇದು ಹೀಗೇ ಇರ್ಲಿ ಬಿಡಿ, ಚಿಕ್ಕದು ಮಾಡೋದು ಬೇಡ," ಎಂದು ಕೋಟು ತೆಗೆದುಕೊಂಡು ಹೊರಟಳು. ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಂಡು "ತುಂಬಾ ಉಪಕಾರ ಆಯ್ತು," ಎಂದಳು.

ನಾನೇನು ಮಾಡಿದೆ? ಸೂಜಿಯನ್ನೂ ಮುಟ್ಟಲಿಲ್ಲ. ಅರ್ಧ ಗಂಟೆ ದಂಡ.

ಮಾರ್ಚ್ 9, ಭಾನುವಾರ

ಮಗಳ ಫೋನು. ಹೇಗಿದೀಯ ಎಂದೆ. ಚೆನ್ನಾಗಿದೀನಿ ಎಂದಳು. ಇವರ ಹತ್ತಿರ ಆಗಿ ಆಗಿ ಅಭ್ಯಾಸವಾಗಿದೆ, ಹಾಗೇ ಸುಮ್ಮನಿದ್ದೆ. ಆ ಕಡೆಯೂ ಸುಮ್ಮನೆ. ಲೈನ್ ಹೋಯಿತೇನೋ ಎಂದು ನೋಡಿದೆ, ಇತ್ತು.

"ಅಮ್ಮ, ಇದೀಯಾ?"

"ಇದೀನಿ ಕಣೆ."

"ಚೆನ್ನಾಗಿಲ್ಲಮ್ಮ," ಎಂದಳು.

ಅಪ್ಪ ಬಿದ್ದ ಮೇಲೆ ಲ್ಯಾಬಿನಲ್ಲಿ ಕೆಲಸ ಮಾಡಲು ಆಗುತ್ತಿಲ್ಲವಂತೆ. ರಕ್ತದ ಸೀಸೆಯ ಮೇಲೆ ವಯಸ್ಸಾದವರ ವಿವರ ಬರೆದಿದ್ದರೆ ಕೈ ನಡುಗುತ್ತದಂತೆ. ಒಂದು ಸೀಸೆ ಅದಲುಬದಲಾಗಿ, ಮೇಲಿನವರ ಕೈಲಿ ಬೈಸಿಕೊಂಡು, ಹಾಲು ಉಕ್ಕಿದ ದಿನ ಅದನ್ನೇ ನನಗೆ ಹೇಳಬೇಕೆಂದು ಫೋನು ಮಾಡಿದ್ದಳಂತೆ. ನನ್ನ ಬಾಯಿಗೆ ಬುದ್ಧಿಮಾತು ಸಾಲುಗಟ್ಟಿ ಬಂತು. ಹೊಟ್ಟೆ ತುಂಬ ಊಟ ಮಾಡು, ಬೇಗ ಮಲಗು, ಅವರಿಗೆ ಸರಿಯಾಗಿ ಉತ್ತರ ಕೊಡು. "ಕೈ ನಡುಗುತ್ತಾ?" ಎಂದಷ್ಟೇ ಕೇಳಿದೆ. ಅವಳು ಅತ್ತಳು. ಅತ್ತು ಮುಗಿದ ಮೇಲೆ, "ನೀನು ಹುಷಾರಾಗಿದೀಯ ತಾನೇ? ಇಷ್ಟು ಹೊತ್ತು ನಿನ್ನ ದನೀನೇ ಇಲ್ಲ," ಎಂದಳು. ಮುಂದಿನ ವಾರ ರಜೆ ಹಾಕಿ ಬರುತ್ತಾಳಂತೆ.

ಮಾತಾಡಿದರೆ ಮಾತಾಡುತ್ತಾಳೆ ಎನ್ನುತ್ತಾರೆ, ಸುಮ್ಮನಿದ್ದರೆ ಕಾಯಿಲೆಯಾ ಎನ್ನುತ್ತಾರೆ. ನಾನು ಹೇಗಿರಬೇಕು?

ಮಾರ್ಚ್ 15, ಶನಿವಾರ

ಬೆಳಿಗ್ಗೆ ಇವರನ್ನು ಅಂಗಡಿ ಕೋಣೆಗೆ ನಡೆಸಿಕೊಂಡು ಬಂದು ಕಿಟಕಿಯ ಹತ್ತಿರ ಕೂರಿಸಿದ್ದೆ. ಬಿದ್ದ ಮೇಲೆ ಆ ಕೋಣೆಗೆ ಬಂದದ್ದು ಮೊದಲು. ನಾನು ಕಾಲರಿಗೆ ಹೊಲಿಗೆ ಹಾಕುತ್ತಿದ್ದೆ. ಇವರು ಬಾಗಿಲ ಕಡೆ ನೋಡುತ್ತಲೇ ಇದ್ದರು, ಅಲ್ಲಿಂದ ಕಣ್ಣು ತೆಗೆಯಲಿಲ್ಲ. ನನಗೆ ಹೊಲಿಗೆ ಮುಂದೆ ಹೋಗಲಿಲ್ಲ.

ಮೆಷಿನ್ ನಿಲ್ಲಿಸಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಡಾಕ್ಟರಿಗೂ, ಈ ಪುಸ್ತಕಕ್ಕೂ.

"ಅವತ್ತು ನೀವು ಆ ಬಾಗಿಲಲ್ಲಿ ನಿಂತು ಏನೋ ಹೇಳಿದ್ರಿ," ಎಂದೆ. "ನಾನು ತಲೆ ಎತ್ತಲಿಲ್ಲ. 'ಸ್ವಲ್ಪ ತಾಳ್ರೀ, ಈ ಕಾಲರ್ ಮುಗೀಲಿ' ಅಂದೆ. ಮುಗಿದ ಮೇಲೂ ಇನ್ನೊಂದು ತಗೊಂಡೆ. ನೀವು ನಿಂತೇ ಇದ್ರಿ. ಆಮೇಲೆ ಬಿದ್ರಿ. ಯಾವಾಗ ಶುರುವಾಯ್ತು ಅಂತ ಡಾಕ್ಟರ್ ಕೇಳಿದಾಗ ಬಿದ್ದಾಗಲೇ ಅಂದೆ. ಸುಳ್ಳು ಹೇಳಿದೆ. ಮೊದ್ಲೇ ನೋಡಿದ್ರೆ, ಇಷ್ಟೆಲ್ಲ ಆಗ್ತಿರ್ಲಿಲ್ವೋ ಏನೋ."

ಇವರು ನನ್ನನ್ನೇ ನೋಡುತ್ತಿದ್ದರು. ನಾನು ಮೆಷಿನ್ನಿನ ಚಕ್ರ ಹಿಡಿದುಕೊಂಡು ಕೂತಿದ್ದೆ. ಬೈಯಲಿ, ಬೈಯುವ ಮಾತು ಬಂದರೆ ಅದೂ ಒಂದು ಮಾತು ಎಂದುಕೊಂಡೆ.

"ಮಾತು... ಬರ್ಲಿಲ್ಲ," ಎಂದರು. ಉಸಿರು ತೆಗೆದುಕೊಂಡರು. "ನಂಗೂ... ಕೇಳ್ಲಿಲ್ಲ."

ಬಾಯಿಂದ ದನಿಯೇ ಹೊರಟಿರಲಿಲ್ಲ ಎಂದೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ತಿಳಿಯಲಿಲ್ಲ. ನನಗೆ ಏನೋ ಕೇಳಿಸಿದ ನೆನಪು ಗಟ್ಟಿಯಾಗಿದೆ. ಅಲ್ಲ ಎಂದು ವಾದ ಹೂಡಲು ಬಾಯಿ ತೆರೆದೆ. ಅಷ್ಟರಲ್ಲಿ ಇವರ ತುಟಿ ಮತ್ತೆ ಅಲ್ಲಾಡಿತು. ಇನ್ನೂ ಇದೆ ಎಂದು ಕಾದೆ. ಹೊರಗೆ ಯಾರೋ ಬಂದು ಅಂಗಡಿ ತೆರೆದಿದೆಯಾ ಎಂದು ಇಣುಕಿದರು, ಕೈಸನ್ನೆ ಮಾಡಿ ಕಳಿಸಿದೆ.

"ನಿಂಗೆ..." ಎಂದರು. "ನಿಂಗೆ... ಭಯ... ಆಯ್ತಾ?"

ಇಷ್ಟು ದಿನದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ಆಯ್ತು," ಎಂದೆ. ಹೇಳುವುದು ಇನ್ನೂ ಬೇಕಾದಷ್ಟಿತ್ತು, ಗಂಟಲಿನಿಂದ ಒಂದೂ ಮೇಲೆ ಬರಲಿಲ್ಲ. ಇವರು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಕಾಯುತ್ತಾ ಕೂತರು.